ಜ್ಞಾನಚಂದ್ರ ಘೋಷ್ ಮತ್ತು ಕರಗಿದ ಉಪ್ಪು

1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಜ್ಞಾನಚಂದ್ರ ಘೋಷ್ (1894–1959), ಮುಂದೆ ಖರಗಪುರ ಐಐಟಿಯ ಮೊದಲ ನಿರ್ದೇಶಕರೂ ಆದರು. ಆದರೆ ರಸಾಯನಶಾಸ್ತ್ರದ ಶಿಕ್ಷಕರಿಗೆ ಬೇಕಾದ ಘೋಷ್ 1918ರವರು. ಆಗ ಅವರಿಗೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಅವರ ಸಹಪಾಠಿಗಳು.

ಉಪ್ಪಿನಂಥ ಪ್ರಬಲ ವಿದ್ಯುದ್ವಿಭಾಜ್ಯಗಳು ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗುತ್ತವೆ ಎಂದು ಅವರು ವಾದಿಸಿದರು. ಅರೀನಿಯಸ್ ಅವರ ಭಾಗಶಃ ವಿಯೋಜನೆಯನ್ನೇ ಎಲ್ಲೆಡೆ ಕಲಿಸುತ್ತಿದ್ದ ಕಾಲವದು. ಧೈರ್ಯದ ಮಾತೇ ಸರಿ. ಜೊತೆಗೆ, ಕರಗಿದ ಮೇಲೂ ಅಯಾನುಗಳು ಹರಳಿನಲ್ಲಿದ್ದಂತೆ ಜಾಲಕದಲ್ಲೇ ನಿಲ್ಲುತ್ತವೆ, ನಡುವಿನ ಅಂತರ ಮಾತ್ರ ಹೆಚ್ಚುತ್ತದೆ ಎಂದೂ ಭಾವಿಸಿದರು. ಉಷ್ಣ ಚಲನೆ ಆ ಸಾಲನ್ನು ಕೆಡಿಸುತ್ತದೆ ಎಂಬುದಕ್ಕೆ ಅಲ್ಲಿ ತಕ್ಕಷ್ಟು ಜಾಗವಿರಲಿಲ್ಲ. 1923ರಲ್ಲಿ ಡಿಬೈ ಮತ್ತು ಹುಕೆಲ್ ಅದನ್ನು ಲೆಕ್ಕಕ್ಕೆ ತಂದರು. ಜಾಲಕ ಬಿದ್ದುಹೋಯಿತು, ಪೂರ್ಣ ವಿಯೋಜನೆ ಉಳಿಯಿತು.

ಎಂಟ್ರೋಪಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ. ಅಡುಗೆ ಉಪ್ಪು ಕರಗುವಾಗ ಮೋಲಿಗೆ ಸುಮಾರು 4 ಕಿಲೋಜೂಲ್ ಶಾಖ ಹೀರುತ್ತದೆ. ಎಂಥಾಲ್ಪಿಯೊಂದನ್ನೇ ನಂಬಿದರೆ ಅದು ಕರಗುವ ಕಾರಣವೇ ತಿಳಿಯದು. ಆದರೂ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಪ್ರಮಾಣಿತ ಮುಕ್ತ ಶಕ್ತಿ ಸುಮಾರು 9 ಕಿಲೋಜೂಲ್ ಇಳಿಯುತ್ತದೆ. ಘೋಷ್ ಅವರ ಜಾಲಕ ಹಾಗೇ ಉಳಿದಿದ್ದರೆ ಈ ಇಳಿಕೆ ಎಲ್ಲಿಂದ ಬರಬೇಕು ಎಂದು ಪಿಯುಸಿ ಮೊದಲ ವರ್ಷದವರನ್ನೇ ಕೇಳಬಹುದು.