ರೆಕ್ಕೆಯ ತುದಿ ಕಿರಿದಾಗಿರುವುದು ಚೆಂದಕ್ಕಲ್ಲ: ಘಾಟಗೆ ಯಾರು ಗೊತ್ತೇ?

ವಿಮಾನ ಕಟ್ಟುವ ವಿದ್ಯೆ ‘ವೈಮಾನಿಕ ಶಾಸ್ತ್ರ’ ಗ್ರಂಥದಲ್ಲೇ ಇದೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಆ ಗ್ರಂಥವನ್ನು ಪರಿಶೀಲಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು, ಅದರಲ್ಲಿರುವ ವಿಮಾನಗಳು ಹಾರಲಾರವು ಎಂದು 1974ರಲ್ಲೇ ತೋರಿಸಿದ್ದಾರೆ. ಹಾಗಾದರೆ ನಿಜಕ್ಕೂ ಹಾರಿದ್ದನ್ನು ಕಟ್ಟಿದವರು ಯಾರು?

ವಿಷ್ಣು ಮಾಧವ ಘಾಟಗೆ. 1908ರಲ್ಲಿ ಕೊಲ್ಹಾಪುರ ಸೀಮೆಯಲ್ಲಿ ಹುಟ್ಟಿದರು. ಜರ್ಮನಿಯ ಗಾಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಬಳಿ ಪಿಎಚ್‌ಡಿ ಮಾಡಿದರು. ರೆಕ್ಕೆಯ ಉದ್ದಕ್ಕೂ ಎತ್ತುವ ಬಲ ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಲು ಕಲಿಸಿದವರು ಪ್ರಾಂಟ್ಲ್.

ಬಾಲ್ಸಾ ಮರದಲ್ಲಿ ಮಾದರಿ ವಿಮಾನ ಮಾಡುವ ಮಕ್ಕಳಿಗೂ ಇದು ಬೇಕು. ರೆಕ್ಕೆಯನ್ನು ಬಾಗಿಸುವ ಒತ್ತಡ ಬುಡದಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ. ಅದಕ್ಕೇ ಮರದ ಪಟ್ಟಿಯನ್ನು ಬುಡದಲ್ಲಿ ದಪ್ಪ ಬಿಟ್ಟು, ತುದಿಯತ್ತ ಉಪ್ಪುಕಾಗದದಿಂದ ಉಜ್ಜಿ ತೆಳುವಾಗಿಸುತ್ತಾರೆ. ತೂಕ ಇಳಿಯುತ್ತದೆ, ಬಲ ಉಳಿಯುತ್ತದೆ. ನಮ್ಮ ತುಮಕೂರಿನ ತೋಟದ ತೆಂಗಿನ ಗರಿಯನ್ನೇ ನೋಡಿ: ಬುಡ ದಪ್ಪ, ತುದಿ ತೆಳು.

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಅದರ ಆರಂಭದ ದಿನಗಳಲ್ಲೇ ಸೇರಿದ ಘಾಟಗೆ, ಮೊದಲು ವಿನ್ಯಾಸ ಮಾಡಿದ್ದು ಮರದ ಗ್ಲೈಡರ್. 1951ರಲ್ಲಿ ಅವರ ತಂಡದ ಎಚ್‌ಟಿ-2 ತರಬೇತಿ ವಿಮಾನ ಹಾರಿತು. ವಾಯುಪಡೆಯ ಹೊಸ ಪೈಲಟ್‌ಗಳು ದಶಕಗಳ ಕಾಲ ಅದರಲ್ಲಿ ಕಲಿತರು. 1964ರಲ್ಲಿ ಕಿರಣ್ ಜೆಟ್ ಹಾರಿತು. 1991ರಲ್ಲಿ ಘಾಟಗೆ ತೀರಿಕೊಂಡರು.

ಅದೇ ಕಂಪನಿ, ಇಂದಿನ ಎಚ್‌ಎಎಲ್, 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ತೆರೆಯಿತು. ಅಲ್ಲಿ ಕೆಲಸದ ಕನಸು ಕಾಣುವ ಗುಬ್ಬಿ, ಕುಣಿಗಲ್‌ನ ಮಕ್ಕಳಿಗೆ ಬೇಕಾದದ್ದು ಲೆಕ್ಕ ಮತ್ತು ಕೈಕೆಲಸ. ಫಾರ್ವರ್ಡ್ ಮಾಡುವುದಿದ್ದರೆ ಈ ಕತೆಯನ್ನು ಮಾಡಿ.