ಕ್ರೆಬ್ಸ್ ಚಕ್ರ ಗೊತ್ತು, ಕ್ರೆಬ್ಸ್ ಯಾರು? ಕೆಲಸ ಕಳಕೊಂಡು ದೇಶ ಬಿಟ್ಟ ಡಾಕ್ಟರ್ ಕತೆ

ಮನೇಲಿ ಸೈನ್ಸ್ ತಗೊಂಡ ಪಿಯುಸಿ ಮಕ್ಕಳಿದ್ದರೆ ಕ್ರೆಬ್ಸ್ ಚಕ್ರ ಅನ್ನೋ ಹೆಸರು ನಿಮ್ಮ ಕಿವಿಗೂ ಬಿದ್ದಿರುತ್ತೆ. ಪರೀಕ್ಷೆ ಹಿಂದಿನ ರಾತ್ರಿ ಸಿಟ್ರಿಕ್ ಆಮ್ಲ, ಸಕ್ಸಿನಿಕ್ ಆಮ್ಲ, ಮ್ಯಾಲಿಕ್ ಆಮ್ಲ ಅಂತ ಬಾಯಿಪಾಠ ಹೊಡೆಯೋದು ಇದನ್ನೇ. ಚಿತ್ರ ಬರೆದರೆ ಮಾರ್ಕ್ಸ್ ಬರುತ್ತೆ, ಆದರೆ ಆ ಮನುಷ್ಯ ಯಾರು ಅಂತ ಯಾರೂ ಹೇಳಿಕೊಡಲ್ಲ. ಆಗಸ್ಟ್ 25 ಅವರು ಹುಟ್ಟಿದ ದಿನ.

ಹ್ಯಾನ್ಸ್ ಕ್ರೆಬ್ಸ್ ಹುಟ್ಟಿದ್ದು 1900ರಲ್ಲಿ, ಜರ್ಮನಿಯ ಹಿಲ್ಡೆಸ್‌ಹೈಮ್ ಊರಲ್ಲಿ. ತಂದೆ ಕಿವಿ, ಮೂಗು, ಗಂಟಲಿನ ಡಾಕ್ಟರ್. ಮಗನೂ ಡಾಕ್ಟರಿಕೆ ಓದಿದರು. 1926ರಿಂದ ನಾಲ್ಕು ವರ್ಷ ಬರ್ಲಿನ್‌ನಲ್ಲಿ ದೊಡ್ಡ ವಿಜ್ಞಾನಿ ಒಟ್ಟೊ ವಾರ್‌ಬರ್ಗ್ ಕೈಕೆಳಗೆ ಕೆಲಸ. ಜೀವಕೋಶ ಎಷ್ಟು ಆಮ್ಲಜನಕ ಎಳಕೊಳ್ಳುತ್ತೆ ಅಂತ ಅಳೆಯೋ ಮ್ಯಾನೋಮೀಟರ್ ಅನ್ನೋ ಗಾಜಿನ ಉಪಕರಣ ಕೈಗೆ ಹತ್ತಿದ್ದು ಅಲ್ಲೇ.

ಆಮೇಲೆ ಫ್ರೈಬರ್ಗ್ ಊರಿನ ಆಸ್ಪತ್ರೆ ಸೇರಿದರು. ರೋಗಿಗಳನ್ನ ನೋಡಿ ಉಳಿದ ಹೊತ್ತಲ್ಲಿ ಸಂಶೋಧನೆ. 1932ರಲ್ಲಿ ಕುರ್ಟ್ ಹೆನ್ಸೆಲೈಟ್ ಅನ್ನೋ ವಿದ್ಯಾರ್ಥಿ ಜೊತೆ ಸೇರಿ, ವಿಷವಾದ ಅಮೋನಿಯಾವನ್ನ ಲಿವರ್ ಯೂರಿಯಾ ಮಾಡೋದು ಹೇಗೆ ಅಂತ ಪತ್ತೆ ಹಚ್ಚಿದರು. ಗೊಬ್ಬರದಂಗಡಿ ಚೀಲದಲ್ಲಿರೋದೂ ಅದೇ ಯೂರಿಯಾ, ಮೂತ್ರದಲ್ಲಿ ಹೋಗೋದೂ ಅದೇ. ಇಲ್ಲಿ ಆರ್ನಿಥೀನ್ ಅನ್ನೋ ವಸ್ತು ಚೂರು ಹಾಕಿದರೆ ಸಾಕು, ಯೂರಿಯಾ ಬರ್ತಾನೇ ಇರುತ್ತೆ, ಆರ್ನಿಥೀನ್ ಮಾತ್ರ ಖರ್ಚಾಗಲ್ಲ. ಅಂದರೆ ಅದು ಸುತ್ತು ಹೊಡೆದು ವಾಪಸ್ ಬರ್ತಿದೆ. ಈ ಸುತ್ತಿನ ವಿಚಾರ ಕ್ರೆಬ್ಸ್ ತಲೇಲಿ ಕೂತುಬಿಟ್ಟಿತು.

ಹೆಸರು ಬಂದ ಮರುವರ್ಷವೇ ಕೆಲಸ ಹೋಯಿತು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ, ಏಪ್ರಿಲ್‌ನಲ್ಲಿ ಯಹೂದಿಗಳನ್ನ ಸರ್ಕಾರಿ ಕೆಲಸದಿಂದ ತೆಗೆಯೋ ಕಾನೂನು ತಂದ. ಕ್ರೆಬ್ಸ್ ಯಹೂದಿ ಮನೆತನದವರು. ಏನು ಕಂಡುಹಿಡಿದರು, ಎಷ್ಟು ರೋಗಿಗಳನ್ನ ನೋಡಿದರು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಫ್ರೆಡರಿಕ್ ಹಾಪ್ಕಿನ್ಸ್ ಜಾಗ ಕೊಟ್ಟರು. ಜೂನ್‌ನಲ್ಲಿ ಊರು ಬಿಟ್ಟಾಗ ಕ್ರೆಬ್ಸ್ ಜೊತೆಗೆ ಒಯ್ದ ದೊಡ್ಡ ಆಸ್ತಿ ಅಂದರೆ ಆ ಮ್ಯಾನೋಮೀಟರುಗಳು. 1935ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಲೆಕ್ಚರರ್ ಕೆಲಸ ಸಿಕ್ಕಿತು.

ಅಲ್ಲಿ ಹಿಡಿದ ಪ್ರಶ್ನೆ ಇದು. ತಿಂದ ಅನ್ನ ಗ್ಲೂಕೋಸ್ ಆಗುತ್ತೆ. ಆರು ಇಂಗಾಲದ ಗ್ಲೂಕೋಸ್ ಮುರಿದು ಮೂರು ಮೂರು ಇಂಗಾಲದ ಎರಡು ತುಂಡಾಗುತ್ತೆ. ಅಲ್ಲಿವರೆಗಿನ ದಾರಿಯನ್ನ ಎಂಬ್ಡೆನ್, ಮೇಯರ್‌ಹೋಫ್ ಮುಂತಾದವರು ಬಹುಪಾಲು ಹುಡುಕಿದ್ದರು. ಆ ತುಂಡುಗಳು ಪೂರ್ತಿ ಉರಿದು, ಉಸಿರಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗೋದು ಹೇಗೆ?

ಕ್ರೆಬ್ಸ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಜಾನ್ಸನ್ ಪಾರಿವಾಳದ ಎದೆ ಮಾಂಸದ ಕೈಮಾ ಮಾಡಿದರು. ಹಾರೋ ಹಕ್ಕಿ, ಎದೆ ಸ್ನಾಯು ಜೋರಾಗಿ ಆಮ್ಲಜನಕ ಎಳಕೊಳ್ಳುತ್ತೆ. ಸಕ್ಸಿನಿಕ್ ಥರದ ಆಮ್ಲ ಸ್ವಲ್ಪ ಹಾಕಿದರೆ ಆ ವೇಗ ಏರುತ್ತೆ ಅಂತ ಹಂಗೇರಿಯ ಸೆಂಟ್ ಗ್ಯೋರ್ಗಿ ಮೊದಲೇ ತೋರಿಸಿದ್ದರು. ನಿಂಬೆ ಹುಳಿಯ ಸಿಟ್ರಿಕ್ ಆಮ್ಲವೂ ಅದೇ ಕೆಲಸ ಮಾಡುತ್ತೆ ಅಂತ ಕ್ರೆಬ್ಸ್ ಕಂಡರು. ಆಮೇಲಿನದೇ ನನಗೆ ತುಂಬಾ ಇಷ್ಟವಾದ ಭಾಗ. ಒಂದು ಹಂತದ ಕಿಣ್ವವನ್ನ ಮ್ಯಾಲೋನೇಟ್ ಅನ್ನೋ ವಿಷ ಹಾಕಿ ಕಟ್ಟಿಹಾಕಿದರು. ಬ್ಯಾರಿಕೇಡ್ ಹಾಕಿದ ಹಾಗೆ, ಅದರ ಹಿಂದೆ ಸಕ್ಸಿನಿಕ್ ಆಮ್ಲ ಜಮಾ ಆಯಿತು. ಬ್ಯಾರಿಕೇಡ್ ದಾಟಿದ ಮೇಲೆ ಬರಬೇಕಾದ ಆಮ್ಲವನ್ನ ಹಾಕಿ ನೋಡಿದರು. ಆಗಲೂ ಹಿಂದುಗಡೆಯೇ ಜಮಾ! ನೇರ ರಸ್ತೆ ಆಗಿದ್ದರೆ ಹಾಗಾಗೋಕೆ ಸಾಧ್ಯವಿಲ್ಲ. ಅದು ರಿಂಗ್ ರೋಡ್.

ಈ ಸುತ್ತಲ್ಲಿ ನಾಲ್ಕು ಇಂಗಾಲದ ಆಮ್ಲ, ಎರಡು ಇಂಗಾಲದ ತುಂಡನ್ನ ಹತ್ತಿಸಿಕೊಂಡು ಆರು ಇಂಗಾಲದ ಸಿಟ್ರಿಕ್ ಆಮ್ಲ ಆಗುತ್ತೆ. ದಾರೀಲಿ ಎರಡು ಇಂಗಾಲ ಇಳಿದು ಡೈಆಕ್ಸೈಡ್ ಆಗುತ್ತೆ, ಉಳಿದ ನಾಲ್ಕು ಮತ್ತೆ ಮೊದಲ ಸ್ಟಾಪಿಗೆ ಬರುತ್ತೆ. ತಮಾಷೆ ಅಂದರೆ, ಆ ಸುತ್ತಲ್ಲಿ ಇಳಿಯೋರು ಈಗ ಹತ್ತಿದವರಲ್ಲ, ಮೊದಲೇ ಕೂತಿದ್ದವರು. ಒಂದೊಂದು ಹಂತಕ್ಕೂ ಬೇರೆ ಕಿಣ್ವ. ಎಣ್ಣೆ, ತುಪ್ಪದ ಕೊಬ್ಬೂ ತುಂಡಾಗಿ ಇದೇ ಗಾಡಿ ಹತ್ತುತ್ತೆ.

1937ರ ಜೂನ್‌ನಲ್ಲಿ ಇದನ್ನ ಲಂಡನ್ನಿನ ನೇಚರ್ ಪತ್ರಿಕೆಗೆ ಕಳಿಸಿದರು. ಏಳೆಂಟು ವಾರಕ್ಕೆ ಆಗೋವಷ್ಟು ಪತ್ರಗಳು ಈಗಾಗಲೇ ಇವೆ ಅಂತ ವಾಪಸ್ ಬಂತು. ತಪ್ಪಿದೆ ಅಂತಲ್ಲ, ಜಾಗ ಇಲ್ಲ ಅಂತ. ಆ ಹೊತ್ತಿಗೆ 50ಕ್ಕೂ ಹೆಚ್ಚು ಲೇಖನ ಪ್ರಕಟಿಸಿದ್ದ ಕ್ರೆಬ್ಸ್‌ಗೆ ಇದು ಮೊದಲ ತಿರಸ್ಕಾರ. ಕೂರಲಿಲ್ಲ, ಹಾಲೆಂಡಿನ ಎಂಜೈಮೊಲೋಜಿಯಾ ಪತ್ರಿಕೆಗೆ ಕಳಿಸಿದರು. ಅದೇ ವರ್ಷ ಅಚ್ಚಾಯಿತು.

ಆ ಎರಡು ಇಂಗಾಲದ ತುಂಡನ್ನ ಹೊತ್ತು ತರೋದು ಯಾರು ಅಂತ 1937ರಲ್ಲಿ ಕ್ರೆಬ್ಸ್‌ಗೂ ಗೊತ್ತಿರಲಿಲ್ಲ. ಅದು ಕೋಎಂಜೈಮ್ ಎ ಅಂತ ತಿಳಿದದ್ದು ಫ್ರಿಟ್ಜ್ ಲಿಪ್‌ಮನ್ ಅವರಿಂದ. ಅವರೂ ಜರ್ಮನಿ ಬಿಟ್ಟ ಯಹೂದಿಯೇ. 1953ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಸೇರಿ ಬಂತು.

1954ರಲ್ಲಿ ಕ್ರೆಬ್ಸ್ ಆಕ್ಸ್‌ಫರ್ಡ್‌ಗೆ ಹೋದರು, 1958ರಲ್ಲಿ ಸರ್ ಪದವಿ ಸಿಕ್ಕಿತು. 1967ರಲ್ಲಿ ರಿಟೈರ್ ಆದರೂ ಲ್ಯಾಬ್ ಬಿಡಲಿಲ್ಲ. 1981ರ ನವೆಂಬರ್ 22ರಂದು ತೀರಿಕೊಂಡರು. ಅವರ ನೊಬೆಲ್ ಪದಕವನ್ನ ಮನೆಯವರು 2015ರಲ್ಲಿ ಲಂಡನ್‌ನಲ್ಲಿ ಹರಾಜಿಗಿಟ್ಟರು. ಬಂದ ಹಣ, ತಮ್ಮ ದೇಶ ಬಿಟ್ಟು ಬಂದ ಯುವ ವಿಜ್ಞಾನಿಗಳ ಓದಿಗೆ ಅಂತ ಟ್ರಸ್ಟ್‌ಗೆ ಹೋಯಿತು.