ಸೋಲನ್ನು ಬಚ್ಚಿಡದ ರಾಮಾನುಜನ್

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಣಿತಜ್ಞರ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಗೆಳೆಯರು ನಗಬಹುದು. ನಗಲಿ. ಶ್ರೀನಿವಾಸ ರಾಮಾನುಜನ್ ಅವರ ಸೂತ್ರಗಳನ್ನು ವಿವರಿಸುವ ಶಕ್ತಿ ನನಗಿಲ್ಲ. ಆ ಸಾಹಸಕ್ಕೆ ನಾನು ಕೈಹಾಕುವುದೂ ಇಲ್ಲ. 1729 ಎಂಬ ಸಂಖ್ಯೆಯ ಕತೆಯನ್ನು ಪ್ರಾಥಮಿಕ ಶಾಲೆಯ ಮಕ್ಕಳೂ ಬಲ್ಲರು. ಆದುದರಿಂದ ಅದನ್ನೂ ಬಿಡುತ್ತೇನೆ. ಅವರ ಜೀವನಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಈ ಮಹಾಮೇಧಾವಿ ಕಾಲೇಜಿನ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾದವರು. ಅವರು ಸೋತದ್ದೂ ನಮ್ಮದರಂತಹ ಒಂದು ಸರ್ಕಾರಿ ಕಾಲೇಜಿನಲ್ಲಿಯೇ. ಸೋತ ಮೇಲೆ ಅವರು ಹೇಗೆ ಬಾಳಿದರು, ತಮ್ಮನ್ನು ತಾವು ಯಾವ ಕಣ್ಣಿನಿಂದ ನೋಡಿಕೊಂಡರು ಎಂಬುದು ನಮ್ಮಂತಹ ವಿದ್ಯಾರ್ಥಿಗಳಿಗೆ ಅವರ ಸೂತ್ರಗಳಿಗಿಂತ ಹತ್ತಿರದ ವಿಷಯವಲ್ಲವೇ?

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿದ್ದ ತಾಯಿಯ ತವರಿನಲ್ಲಿ. ಬೆಳೆದದ್ದು ಕಾವೇರಿಯ ದಡದ ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತೆ. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ಒಂದಿಷ್ಟು ಕಾಸು ತರುತ್ತಿದ್ದರು. ಸಂಸಾರದ ಖರ್ಚು ತೂಗಿಸಲು ಮನೆಯಲ್ಲಿ ವಿದ್ಯಾರ್ಥಿಗಳನ್ನು ಊಟ ವಸತಿಗೆ ಇರಿಸಿಕೊಳ್ಳುತ್ತಿದ್ದುದೂ ಉಂಟು. ಊರಿನ ಟೌನ್ ಹೈಸ್ಕೂಲಿನಲ್ಲಿ ಹುಡುಗ ಎಲ್ಲರಿಗಿಂತ ಮುಂದು.

ಆ ದಿನಗಳ ಒಂದು ಪ್ರಸಂಗ ಸಣ್ಣದಾದರೂ ಮನಸ್ಸಿನಲ್ಲಿ ಉಳಿಯುತ್ತದೆ. ತ್ರಿಕೋನಮಿತಿಯ ಪುಸ್ತಕವೊಂದನ್ನು ತಾನೇ ಓದಿ ಮುಗಿಸಿದ ಹುಡುಗನು ಸ್ವಂತ ಬುದ್ಧಿಯಿಂದ ಕೆಲವು ಫಲಿತಗಳನ್ನು ಕಂಡುಕೊಂಡನು. ಆಮೇಲೆ ತಿಳಿಯಿತು: ಆಯ್ಲರ್ ಎಂಬ ಯೂರೋಪಿನ ಮಹಾಗಣಿತಜ್ಞ ನೂರು ವರ್ಷಗಳಿಗೂ ಹಿಂದೆಯೇ ಅವನ್ನು ಕಂಡುಹಿಡಿದಿದ್ದ. ಬೇರೆ ಯಾರೇ ಆಗಿದ್ದರೂ ಆಯ್ಲರನ ದಾರಿಯಲ್ಲಿ ತಾನೂ ನಡೆದೆನೆಂದು ಹೆಮ್ಮೆಪಡುತ್ತಿದ್ದರು. ಈ ಹುಡುಗನಿಗಾದರೋ ನಾಚಿಕೆಯಾಯಿತು. ಆ ಹಾಳೆಗಳನ್ನು ಮನೆಯ ಸೂರಿನಲ್ಲಿ ಬಚ್ಚಿಟ್ಟನೆಂದು ಅವರನ್ನು ಹತ್ತಿರದಿಂದ ಬಲ್ಲವರು ಬರೆದಿದ್ದಾರೆ. ತಪ್ಪೇ ಅಲ್ಲದ ಒಂದು ಸಂಗತಿಗೆ ತಲೆ ತಗ್ಗಿಸಿದ ಈ ಹುಡುಗ ನಿಜವಾದ ಸೋಲು ಬಂದಾಗ ಏನಾದನು?

ಆ ಸೋಲು ಬರಲು ತಡವಾಗಲಿಲ್ಲ. 1903ರಲ್ಲಿ ಕಾರ್ ಎಂಬಾತನ ಗಣಿತ ಸಂಗ್ರಹವೊಂದು ಅವರ ಕೈಸೇರಿತು. ಸಾವಿರಾರು ಫಲಿತಗಳನ್ನು ಪಟ್ಟಿಮಾಡಿ, ಸಾಧನೆಗಳನ್ನು ಬಹುಮಟ್ಟಿಗೆ ಓದುಗನಿಗೇ ಬಿಟ್ಟ ಪುಸ್ತಕವದು. ಅದರಲ್ಲಿ ಮುಳುಗಿದ ರಾಮಾನುಜನ್‌ಗೆ ಬೇರೆ ಯಾವ ವಿಷಯವೂ ರುಚಿಸದಂತಾಯಿತು. 1904ರಲ್ಲಿ ಹೈಸ್ಕೂಲಿನ ಗಣಿತದ ಬಹುಮಾನವನ್ನೂ ವಿದ್ಯಾರ್ಥಿವೇತನವನ್ನೂ ಪಡೆದು ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸೇರಿದರು. ಆದರೆ ಎಫ್.ಎ. ತರಗತಿಯಲ್ಲಿ ಗಣಿತವೊಂದೇ ಇರಲಿಲ್ಲ. ಇಂಗ್ಲಿಷ್, ಸಂಸ್ಕೃತ, ಗ್ರೀಕ್ ಮತ್ತು ರೋಮನ್ ಚರಿತ್ರೆ, ಶರೀರಶಾಸ್ತ್ರ ಎಲ್ಲವೂ ಇದ್ದವು. ಇಂಗ್ಲಿಷಿನಲ್ಲಿ ನಪಾಸಾಯಿತು, ವಿದ್ಯಾರ್ಥಿವೇತನ ಹೋಯಿತು. ಫೀಸು ಕಟ್ಟುವ ಶಕ್ತಿ ಮನೆಗೆ ಇರಲಿಲ್ಲ. 1905ರ ಆಗಸ್ಟಿನಲ್ಲಿ, ಹದಿನೇಳು ವರ್ಷದ ಹುಡುಗ, ಯಾರಿಗೂ ಹೇಳದೆ ರೈಲು ಹತ್ತಿ ದೂರದ ವಿಶಾಖಪಟ್ಟಣದ ಕಡೆಗೆ ಓಡಿಹೋದನು.

ಕೆಲಕಾಲದ ಮೇಲೆ ಮನೆಗೆ ಮರಳಿದರು. 1906ರಲ್ಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರು. ನಡುವೆ ಕಾಯಿಲೆ ಬಿದ್ದರು. ಆ ವರ್ಷದ ಎಫ್.ಎ. ಪರೀಕ್ಷೆಯಲ್ಲಿ ನಪಾಸು. 1907ರಲ್ಲಿ ಖಾಸಗಿಯಾಗಿ ಕಟ್ಟಿದರು, ಪುನಃ ನಪಾಸು. ಅಲ್ಲಿಗೆ ಕಾಲೇಜಿನ ಬಾಗಿಲು ಮುಚ್ಚಿತು.

ಇಲ್ಲಿ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ವಿದ್ಯಾರ್ಥಿವೇತನ ಎಂದರೇನೆಂಬುದು ನನ್ನಂತಹವರ ಮನೆಗಳಿಗೆ ಚೆನ್ನಾಗಿ ಗೊತ್ತು. ಅದು ಹುಡುಗನ ಕೈಗೆ ಬಂದ ಹಣ ಮಾತ್ರವಲ್ಲ; ತಂದೆತಾಯಿ ನಾಲ್ಕು ಜನರೆದುರು ಹೇಳಿಕೊಳ್ಳುವ ಮಾತು. ಅದು ಹೋದರೆ ಮನೆಯವರೆಲ್ಲರ ತಲೆ ತಗ್ಗುತ್ತದೆ. ಒಂದು ವಿಷಯದಲ್ಲಿ ನಪಾಸಾದ ಹುಡುಗ ತಾನೇ ನಪಾಸಾದೆನೆಂದು ತಿಳಿಯುತ್ತಾನೆ. ನಮ್ಮ ತರಗತಿಯಲ್ಲಿಯೂ ಮೊದಲ ವರ್ಷ ನಮ್ಮೊಡನೆ ಕುಳಿತಿದ್ದು, ಫಲಿತಾಂಶ ಬಂದ ಮೇಲೆ ಮುಖ ತೋರಿಸದೆ ಊರು ಸೇರಿದ ಗೆಳೆಯನೊಬ್ಬನಿದ್ದಾನೆ. ಸಂತೆಯಲ್ಲಿ ನನ್ನನ್ನು ಕಂಡರೆ ಅವನು ಬೇರೆ ಓಣಿಗೆ ತಿರುಗುತ್ತಾನೆ. ರಾಮಾನುಜನ್ ವಿಶಾಖಪಟ್ಟಣಕ್ಕೆ ಓಡಿದ ಸಂಗತಿಯನ್ನು ಓದುವಾಗ ನನಗೆ ನೆನಪಾದವನು ಅವನೇ.

1907ರಿಂದ ಮುಂದಿನ ಮೂರು ನಾಲ್ಕು ವರ್ಷಗಳು ರಾಮಾನುಜನ್ ಅವರ ಬಾಳಿನ ಅತ್ಯಂತ ಕಷ್ಟದ ಕಾಲ. ಪದವಿ ಇಲ್ಲ, ಕೆಲಸ ಇಲ್ಲ. 1909ರಲ್ಲಿ ಬಾಲಕಿ ಜಾನಕಿಯೊಡನೆ ಮದುವೆಯೂ ಆಯಿತು. ಈ ವರ್ಷಗಳಲ್ಲಿ ಅವರು ಮಾಡಿದ್ದೇನು? ಮನೆಯ ಜಗಲಿಯ ಮೇಲೆ ಕಾಲು ಮಡಿಸಿ ಕುಳಿತು, ತೊಡೆಯ ಮೇಲೆ ದೊಡ್ಡ ಸ್ಲೇಟನ್ನಿಟ್ಟುಕೊಂಡು ಲೆಕ್ಕ ಮಾಡಿದರು. ಕಾಗದ ದುಬಾರಿಯಾದುದರಿಂದ ಸ್ಲೇಟಿನಲ್ಲಿ ಬರೆದು, ಮೊಣಕೈಯಿಂದ ಒರಸಿ, ಕೊನೆಯ ಫಲಿತವನ್ನಷ್ಟೇ ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಜಗತ್ತು ಇಂದಿಗೂ ಅಭ್ಯಸಿಸುತ್ತಿರುವ ಆ ನೋಟುಪುಸ್ತಕಗಳ ಬಹುಭಾಗ ತುಂಬಿದ್ದು ಕಾಲೇಜು ಅವರನ್ನು ಕೈಬಿಟ್ಟ ಕಾಲದಲ್ಲಿ. ಪರೀಕ್ಷೆಯ ಸೋಲನ್ನು ಅವರು ತಮ್ಮ ಗಣಿತದ ಸೋಲೆಂದು ಎಣಿಸಲಿಲ್ಲ. ಇಂಗ್ಲಿಷ್ ಬಾರದವನಿಗೆ ಇಂಗ್ಲಿಷ್ ಬಾರದು, ಅಷ್ಟೇ. ಅದರಿಂದ ಗಣಿತ ಬಲ್ಲವನು ಗಣಿತ ಬಾರದವನಾಗುವುದಿಲ್ಲ. ಈ ಸರಳವಾದ ಲೆಕ್ಕ ನಮಗೆ ಎಷ್ಟು ಕಠಿಣ!

1910ರಲ್ಲಿ ಅವರು ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸ್ಥಾಪಕರಾದ ರಾಮಸ್ವಾಮಿ ಅಯ್ಯರ್ ಅವರನ್ನು ಕೆಲಸ ಕೇಳಿಕೊಂಡು ಕಂಡರು. ಇಂತಹ ಪ್ರತಿಭೆಯನ್ನು ಕಂದಾಯ ಇಲಾಖೆಯ ಕಡತಗಳಲ್ಲಿ ಹೂಳಲು ಅವರಿಗೆ ಮನಸ್ಸು ಬರಲಿಲ್ಲ. ಅಲ್ಲಿಂದ ಒಬ್ಬರಿಂದೊಬ್ಬರಿಗೆ ಪರಿಚಯ ಬೆಳೆದು, ನೆಲ್ಲೂರಿನ ಕಲೆಕ್ಟರರಾಗಿದ್ದ ಆರ್. ರಾಮಚಂದ್ರ ರಾಯರು ತಿಂಗಳಿಗೆ 25 ರೂಪಾಯಿಯ ನೆರವು ಕೊಟ್ಟರು. ಆದರೆ ಇತರರ ಹಣದಲ್ಲಿ ಬಹುಕಾಲ ಇರಲು ರಾಮಾನುಜನ್ ಒಪ್ಪಲಿಲ್ಲ. 1912ರ ಫೆಬ್ರವರಿಯಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿನ ಗುಮಾಸ್ತೆಯ ಕೆಲಸಕ್ಕೆ ಅರ್ಜಿ ಬರೆದರು.

ಆ ಅರ್ಜಿಯ ಒಕ್ಕಣೆ ಗಮನಿಸತಕ್ಕದ್ದು. ತಾವು ಮೆಟ್ರಿಕ್ಯುಲೇಷನ್ ತೇರ್ಗಡೆಯಾದವರು, ಎಫ್.ಎ.ವರೆಗೆ ಓದಿದವರು, ಕೆಲವು ಪ್ರತಿಕೂಲ ಸಂದರ್ಭಗಳಿಂದ ಓದು ಮುಂದುವರಿಯಲಿಲ್ಲ ಎಂದು ತಿಳಿಸಿದರು. ತಮ್ಮ ಕಾಲವನ್ನೆಲ್ಲ ಗಣಿತಕ್ಕೆ ಕೊಟ್ಟಿರುವುದಾಗಿ ಹೇಳಿದರು. ಆಮೇಲೆ, ಕೆಲಸ ಕೊಟ್ಟರೆ ಅದಕ್ಕೆ ನ್ಯಾಯ ಸಲ್ಲಿಸಬಲ್ಲೆನೆಂಬ ಪೂರ್ಣ ನಂಬಿಕೆ ತಮಗಿದೆಯೆಂದು ಸೇರಿಸಿದರು. ಅರ್ಧಕ್ಕೆ ನಿಂತ ಓದು ಮತ್ತು ತನ್ನ ಮೇಲಿನ ನಂಬಿಕೆ ಎರಡೂ ಒಂದೇ ಕಾಗದದಲ್ಲಿ, ಅಕ್ಕಪಕ್ಕದಲ್ಲಿ! ಹಾಳೆಗಳನ್ನು ಸೂರಿನಲ್ಲಿ ಬಚ್ಚಿಟ್ಟ ಹುಡುಗ ಇವರೇ ಏನು ಎಂದು ಆಶ್ಚರ್ಯವಾಗುತ್ತದೆ. ಮಾರ್ಚ್ 1ರಿಂದ ಮೂವತ್ತು ರೂಪಾಯಿ ಸಂಬಳದ ಕೆಲಸ ಆರಂಭವಾಯಿತು.

1913ರ ಜನವರಿಯಲ್ಲಿ ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಬರೆದ ಪ್ರಸಿದ್ಧ ಪತ್ರದಲ್ಲಿಯೂ ಇದೇ ಧಾಟಿ. ತಾವು ಪೋರ್ಟ್ ಟ್ರಸ್ಟಿನ ಗುಮಾಸ್ತೆ, ತಮಗೆ ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಟ್ಟು, ಆಮೇಲೆ ತಮ್ಮ ಫಲಿತಗಳನ್ನು ಮುಂದಿಟ್ಟರು. ಅದಕ್ಕೆ ಮುಂಚೆ ಇಂಗ್ಲೆಂಡಿನ ಬೇರೆ ಇಬ್ಬರು ವಿದ್ವಾಂಸರಿಗೆ ಬರೆದಿದ್ದು, ಅವರಿಂದ ಪ್ರಯೋಜನವಾಗಿರಲಿಲ್ಲ. ಆದರೂ ಮೂರನೆಯ ಸಲ ಬರೆದರು. ಹಾರ್ಡಿಯವರು ಸಹೋದ್ಯೋಗಿ ಲಿಟಲ್‌ವುಡ್ ಅವರೊಡನೆ ಕುಳಿತು ಆ ಹಾಳೆಗಳನ್ನು ಪರೀಕ್ಷಿಸಿ, ಬರೆದವನು ಅಸಾಧಾರಣ ಪ್ರತಿಭೆಯವನೆಂದು ನಿರ್ಧರಿಸಿದರು.

ಆ ಪತ್ರದಲ್ಲಿದ್ದುದೆಲ್ಲವೂ ಸರಿಯಾಗಿರಲಿಲ್ಲ ಎಂಬುದು ಅನೇಕರಿಗೆ ತಿಳಿಯದು. ಒಂದು ಸಂಖ್ಯೆಗಿಂತ ಕಡಮೆಯ ಅವಿಭಾಜ್ಯ ಸಂಖ್ಯೆಗಳು ಎಷ್ಟಿವೆಯೆಂದು ಬಹಳ ನಿಖರವಾಗಿ ಹೇಳುವ ಸೂತ್ರ ತಮ್ಮಲ್ಲಿದೆಯೆಂದು ರಾಮಾನುಜನ್ ನಂಬಿದ್ದರು. ಅದು ತಪ್ಪು. ಆ ವಿಷಯಕ್ಕೆ ಬೇಕಾದ ಆಧುನಿಕ ಗಣಿತದ ಶಾಖೆಯೊಂದರ ಪರಿಚಯವೇ ಅವರಿಗೆ ಇರಲಿಲ್ಲ. ಹಾರ್ಡಿಯವರು ಈ ತಪ್ಪನ್ನು ಮುಚ್ಚಿಡಲಿಲ್ಲ. ಆದರೆ ಈ ಸೋಲು ಎಷ್ಟೋ ಗೆಲುವುಗಳಿಗಿಂತ ಅದ್ಭುತವಾದುದೆಂದು ಮುಂದೆ ಬರೆದರು. 1914ರ ಏಪ್ರಿಲಿನಲ್ಲಿ ಇಂಗ್ಲೆಂಡನ್ನು ತಲಪಿದ ರಾಮಾನುಜನ್ ಸಾಧನೆ ಎಂದರೇನು, ಊಹೆಗೂ ಸಿದ್ಧಾಂತಕ್ಕೂ ಇರುವ ಅಂತರವೇನು ಎಂಬುದನ್ನು ಇಪ್ಪತ್ತಾರರ ವಯಸ್ಸಿನಲ್ಲಿ ಕಲಿಯತೊಡಗಿದರು. ಒಂದು ತಪ್ಪಿಗಾಗಿ ಉಳಿದ ನೂರು ಫಲಿತಗಳನ್ನು ಅವರು ಬಿಸಾಡಲಿಲ್ಲ; ನೂರು ಫಲಿತಗಳ ಗರ್ವದಿಂದ ಆ ಒಂದು ತಪ್ಪನ್ನು ಸಮರ್ಥಿಸುತ್ತ ಕೂರಲೂ ಇಲ್ಲ.

ಫಲ ಬೇಗನೆ ಕಂಡಿತು. 1916ರಲ್ಲಿ ಸಂಶೋಧನೆಗಾಗಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಅವರಿಗೆ ಬಿ.ಎ. ಪದವಿ ಕೊಟ್ಟಿತು. ಎಫ್.ಎ. ದಾಟಲಾರದವರು ಹೀಗೆ ಪದವೀಧರರಾದರು. ಹಾರ್ಡಿಯವರೊಡನೆ ಅವರು ಬಿಡಿಸಿದ ಒಂದು ಸಮಸ್ಯೆ ನನ್ನಂತಹವನಿಗೂ ತಿಳಿಯುವಂತಹುದು. ನಾಲ್ಕನ್ನು ಕೂಡುವ ಸಂಖ್ಯೆಗಳಾಗಿ ಐದು ಬಗೆಯಲ್ಲಿ ಒಡೆಯಬಹುದು: ನಾಲ್ಕು, ಮೂರು ಒಂದು, ಎರಡು ಎರಡು, ಎರಡು ಒಂದು ಒಂದು, ನಾಲ್ಕು ಒಂದುಗಳು. ಹಾಗಾದರೆ ಇನ್ನೂರನ್ನು ಎಷ್ಟು ಬಗೆಯಲ್ಲಿ ಒಡೆಯಬಹುದು? ಉತ್ತರ 3972999029388. ಇದನ್ನು ಒಂದೊಂದಾಗಿ ಎಣಿಸದೆ ಸೂತ್ರದಿಂದ ಪಡೆಯುವ ಹಾದಿಯನ್ನು ಅವರಿಬ್ಬರೂ ತೋರಿಸಿದರು.

ಇಷ್ಟಾದ ಮೇಲೆ ರಾಮಾನುಜನ್ ಅವರ ಮನಸ್ಸು ಗಟ್ಟಿಯಾಗಿಯೇ ಉಳಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಮ್ಮೆ ಕೇಂಬ್ರಿಜ್ಜಿನಲ್ಲಿ ಅತಿಥಿಗಳನ್ನು ಕರೆದು ತಾವೇ ಅಡಿಗೆ ಮಾಡಿ ಬಡಿಸಿದರು. ಮತ್ತೊಮ್ಮೆ ಬಡಿಸಹೋದಾಗ ಅತಿಥಿಗಳು ಸಾಕೆಂದರು. ಅಷ್ಟಕ್ಕೇ ಅವಮಾನವಾಯಿತೆಂದು ನೊಂದು, ಹೇಳದೆ ಕೇಳದೆ ಊರು ಬಿಟ್ಟು ಆಕ್ಸ್‌ಫರ್ಡಿಗೆ ಹೋಗಿ ಕೆಲವು ದಿನ ಉಳಿದರು. ವಿಶಾಖಪಟ್ಟಣಕ್ಕೆ ಓಡಿದ ಹುಡುಗ ಅವರೊಳಗೆ ಇನ್ನೂ ಇದ್ದನು. ಯುದ್ಧಕಾಲದ ಆಹಾರದ ಅಭಾವ, ಒಂಟಿತನ, 1917ರಿಂದ ಹಿಡಿದ ಕಾಯಿಲೆ ಎಲ್ಲವೂ ಸೇರಿದವು. ಟ್ರಿನಿಟಿ ಕಾಲೇಜಿನ ಫೆಲೋ ಪದವಿಯೂ ಮೊದಲ ಸಲ ಕೈತಪ್ಪಿತು. 1918ರ ಆರಂಭದಲ್ಲಿ, ಮನಸ್ಸು ಕುಸಿದ ಒಂದು ಗಳಿಗೆಯಲ್ಲಿ, ಲಂಡನ್ನಿನ ರೈಲುಹಳಿಯ ಮೇಲೆ ಬಿದ್ದು ಪ್ರಾಣ ಬಿಡಲು ಯತ್ನಿಸಿದರು. ರೈಲು ಸ್ವಲ್ಪದರಲ್ಲಿ ನಿಂತಿತು, ಅವರು ಉಳಿದರು. ಅದೇ ವರ್ಷದ ಮೇ ತಿಂಗಳಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿಯೂ, ಅಕ್ಟೋಬರಿನಲ್ಲಿ ಟ್ರಿನಿಟಿಯ ಮೊದಲ ಭಾರತೀಯ ಫೆಲೋ ಆಗಿಯೂ ಆಯ್ಕೆಯಾದರು. ಆ ರೈಲು ನಿಲ್ಲದಿದ್ದರೆ? ಮುಂದಿನ ಕೆಲವೇ ತಿಂಗಳು ಏನು ತರಲಿವೆಯೆಂಬುದು ಕುಸಿದ ಮನಸ್ಸಿಗೆ ಕಾಣುವುದಿಲ್ಲ. ಆದುದರಿಂದ ಅಂತಹ ಗಳಿಗೆಯಲ್ಲಿ ಮನಸ್ಸು ತನ್ನ ಮೇಲೆ ಕೊಡುವ ತೀರ್ಪನ್ನು ನಂಬಬಾರದು. ಕೈಹಿಡಿಯುವ ಯಾರನ್ನಾದರೂ ಕೂಗಿ ಕರೆಯಬೇಕು.

ಇನ್ನೊಂದು ಪತ್ರದ ವಿಷಯ ಹೇಳಬೇಕು. 1919ರ ಜನವರಿಯಲ್ಲಿ, ಮದರಾಸು ವಿಶ್ವವಿದ್ಯಾನಿಲಯವು ವರ್ಷಕ್ಕೆ 250 ಪೌಂಡುಗಳ ವೇತನವನ್ನು ಗೊತ್ತುಮಾಡಿದಾಗ, ರಾಮಾನುಜನ್ ಅಲ್ಲಿಯ ರಿಜಿಸ್ಟ್ರಾರರಿಗೆ ಬರೆದರು. ಅಷ್ಟು ಹಣ ತಮಗೆ ಬೇಕಿಲ್ಲ. ತಂದೆತಾಯಿಗಳಿಗೆ ವರ್ಷಕ್ಕೆ 50 ಪೌಂಡು ಕೊಟ್ಟು, ತಮ್ಮ ಅಗತ್ಯದ ಖರ್ಚು ಕಳೆದು ಮಿಕ್ಕುದನ್ನು ಬಡ ಹುಡುಗರ ಮತ್ತು ಅನಾಥರ ಶಾಲಾ ಫೀಸನ್ನು ತಗ್ಗಿಸಲು, ಶಾಲೆಗಳಿಗೆ ಪುಸ್ತಕ ಒದಗಿಸಲು ಬಳಸಬೇಕೆಂಬುದು ಅದರ ತಾತ್ಪರ್ಯ. ಫೀಸು ಕಟ್ಟಲಾರದೆ ಕಾಲೇಜು ಬಿಟ್ಟ ಹುಡುಗ ತನ್ನ ಹಳೆಯ ನೋವನ್ನು ಹೀಗೆ ಬೇರೆಯವರ ಅನುಕೂಲಕ್ಕೆ ತಿರುಗಿಸಿದನು. ಅದೇ ಪತ್ರದಲ್ಲಿ, ಕಾಯಿಲೆಯಿಂದಾಗಿ ಎರಡು ವರ್ಷ ಹಿಂದಿನಷ್ಟು ಗಣಿತ ಮಾಡಲಾಗಲಿಲ್ಲವೆಂಬ ವಿಷಾದವೂ, ಬೇಗನೆ ಹೆಚ್ಚು ಮಾಡುವೆನೆಂಬ ಭರವಸೆಯೂ ಇವೆ. ಆಗದೇ ಹೋದದ್ದಕ್ಕೆ ಒಂದು ಮಾತಿನ ವಿಷಾದ, ಆಮೇಲೆ ಮುಂದಿನ ಕೆಲಸ. ತನ್ನನ್ನು ತಾನು ಕ್ಷಮಿಸುವುದು ಎಂದರೆ ಇಷ್ಟೇ ಇರಬಹುದೆಂದು ನನಗೆ ತೋರುತ್ತದೆ.

ಆ ಭರವಸೆಯನ್ನು ಅವರು ಉಳಿಸಿಕೊಂಡರು. 1919ರ ಮಾರ್ಚಿನಲ್ಲಿ ತಾಯ್ನಾಡಿಗೆ ಮರಳಿದ ಅವರು ಹಾಸಿಗೆ ಹಿಡಿದಿದ್ದಾಗಲೂ ಬರೆದರು. 1920ರ ಜನವರಿಯಲ್ಲಿ ಹಾರ್ಡಿಯವರಿಗೆ ಬರೆದ ಕೊನೆಯ ಪತ್ರದಲ್ಲಿ ಹೊಸದೊಂದು ಬಗೆಯ ಫಲನಗಳನ್ನು ಪರಿಚಯಿಸಿದರು. ಏಪ್ರಿಲ್ 26ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಮದರಾಸಿನಲ್ಲಿ ತೀರಿಕೊಂಡರು. ಆ ಕೊನೆಯ ಕಾಲದ ಹಾಳೆಗಳು ಟ್ರಿನಿಟಿ ಕಾಲೇಜಿನ ಪುಸ್ತಕಾಲಯದಲ್ಲಿ ಕಣ್ಮರೆಯಾಗಿದ್ದು, 1976ರಲ್ಲಿ ಜಾರ್ಜ್ ಆಂಡ್ರೂಸ್ ಎಂಬ ಗಣಿತಜ್ಞರ ಕಣ್ಣಿಗೆ ಬಿದ್ದವು. ಅವರ ಹುಟ್ಟುಹಬ್ಬ 2012ರಿಂದ ನಮ್ಮ ದೇಶದಲ್ಲಿ ರಾಷ್ಟ್ರೀಯ ಗಣಿತ ದಿನವಾಗಿದೆ.

ಗೆಳೆಯರೇ, ರಾಮಾನುಜನ್ ಅವರ ಪ್ರತಿಭೆ ನಮಗಿಲ್ಲ. ಅದನ್ನು ಬಯಸಿ ಪಡೆಯಲೂ ಆಗದು. ಅವರು ನಪಾಸಾದರೆಂದು ನಪಾಸಾಗುವುದು ಹೆಮ್ಮೆಯ ವಿಷಯವೂ ಅಲ್ಲ. ಆದರೆ ಅರ್ಜಿಯಲ್ಲಿ ಅರ್ಧ ಓದನ್ನು ಅರ್ಧವೆಂದೇ ಬರೆದು, ಅದರ ಕೆಳಗೆ ನನ್ನಿಂದ ಈ ಕೆಲಸ ಆಗುತ್ತದೆ ಎಂದು ಸೇರಿಸುವುದಕ್ಕೆ ಪ್ರತಿಭೆ ಬೇಕಿಲ್ಲ. ಸಂತೆಯಲ್ಲಿ ಓಣಿ ತಿರುಗುವ ನನ್ನ ಗೆಳೆಯನ ಮನೆ ನಮ್ಮೂರಿಗೆ ಮೂರೇ ಮೈಲಿ. ಉಳಿದ ವಿಷಯಗಳಿಗೆ ಕಟ್ಟಲು ಅವನಿಗೆ ಇನ್ನೂ ಅವಕಾಶವಿದೆ. ಈ ಸಂಚಿಕೆ ಕೈಗೆ ಬಂದ ದಿನ ಒಂದು ಪ್ರತಿಯನ್ನು ನಾನೇ ಅವನ ಮನೆಗೆ ಕೊಂಡೊಯ್ಯಬೇಕೆಂದಿದ್ದೇನೆ.